ಸುಣ್ಣದ ಗೋಡೆಯ ಓವರ್ಸೀರು

ಇಲ್ಲದ ಬಾಗಿಲಿಗೆ ತಲೆ ಬಗ್ಗಿಸಿ ಒಳಗೆ ಹೋಗುವ ಮನುಷ್ಯನನ್ನು ನಾನು ನೋಡಿದ್ದು ಒಬ್ಬರನ್ನೇ. ಅವರು ಶಿಕಾರಿಪುರದ ಪುರಸಭೆಯಲ್ಲಿ ಓವರ್ಸೀರಾಗಿದ್ದ ತಿಮ್ಮಪ್ಪಯ್ಯನವರು. ಬಯಲಿನಲ್ಲಿ ಸುಣ್ಣದ ಪುಡಿಯಿಂದ ನಾಲ್ಕು ಗೆರೆ ಎಳೆದು, ಒಂದು ಕಡೆ ಮೂರಡಿ ಖಾಲಿ ಬಿಟ್ಟು, ‘ಇದು ಬಾಗಿಲು’ ಎಂದು ಅವರು ಹೇಳಿಬಿಟ್ಟರೆ ಅದು ಬಾಗಿಲೇ. ಆಮೇಲೆ ಯಾರೂ ಗೆರೆ ದಾಟುವ ಹಾಗಿರಲಿಲ್ಲ. ಅವರೂ ದಾಟುತ್ತಿರಲಿಲ್ಲ. ಆರಡಿಯ ಆಳು, ಆ ಮೂರಡಿಯ ಖಾಲಿಯ ಮುಂದೆ ಬಂದು, ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡು, ತಲೆ ಬಗ್ಗಿಸಿಯೇ ಒಳಗೆ ಹೋಗುತ್ತಿದ್ದರು. ಮೇಲೆ ನೋಡಿದರೆ ಬರೀ ಆಕಾಶ.

ಅವರು ಸೊರಬದ ಕಡೆಯವರು. ಖಾಕಿ ಕೋಟು, ಕಪ್ಪು ಟೋಪಿ, ಹಳೆಯ ಸೈಕಲ್ಲು. ಸೈಕಲ್ಲಿನ ಹಿಂದೆ ಅಳತೆಯ ಸರಪಳಿ, ಮುಂದಿನ ಹ್ಯಾಂಡಲ್ಲಿಗೆ ಸುಣ್ಣದ ಪುಡಿಯ ಬಟ್ಟೆಚೀಲ. ಆ ಚೀಲದ ಮೂಲೆಯಲ್ಲಿ ಒಂದು ತೂತಿತ್ತು. ಅದನ್ನು ಹೊಲಿಸಲು ಅವರಿಗೆ ಪುರುಸೊತ್ತಾಗಲಿಲ್ಲ. ಹಾಗಾಗಿ ಅವರು ಹೋದಲ್ಲೆಲ್ಲ ಬಿಳಿಯ ಸಣ್ಣ ಗೆರೆಯೊಂದು ಬೀದಿಯುದ್ದಕ್ಕೂ ಬೀಳುತ್ತಿತ್ತು. ಪುರಸಭೆಗೆ ಬಂದು ಯಾರಾದರೂ ‘ಓವರ್ಸೀರ್ ಸಾಹೇಬ್ರು ಎಲ್ಲಿ ಹೋಗ್ಯಾರ್ರಿ’ ಎಂದು ಕೇಳಿದರೆ ಜವಾನ ಕುಳಿತಲ್ಲಿಂದಲೇ ಹೇಳುತ್ತಿದ್ದ: ‘ಗೆರಿ ಹಿಡ್ಕೊಂಡು ಹೋಗ್ರಿ, ಸಿಗ್ತಾರ.’

ಅವರ ಕೆಲಸ ಏನೆಂದು ಹೇಳದಿದ್ದರೆ ಇದೆಲ್ಲ ಹುಚ್ಚೆಂದು ಕಂಡೀತು. ಪುರಸಭೆಯ ಸಭೆ ನಡೆಯುವ ಕೋಣೆಯಲ್ಲಿ ಊರಿನ ದೊಡ್ಡ ನಕ್ಷೆಯೊಂದು ತೂಗುತ್ತಿತ್ತು. ಮನೆಗಳಿಗೆ ಬಿಟ್ಟ ಜಾಗಕ್ಕೆ ಹಳದಿ ಬಣ್ಣ, ಅಂಗಡಿ ಕಾರ್ಖಾನೆಗೆ ಕೆಂಪು, ಬಯಲಾಗಿಯೇ ಇರಬೇಕಾದ್ದಕ್ಕೆ ಹಸಿರು. ಹಳದಿ ಜಾಗದಲ್ಲಿ ಗಿರಣಿ ಹಾಕಬೇಕೆಂದರೆ, ಹಸಿರು ಜಾಗದಲ್ಲಿ ಗೋದಾಮು ಕಟ್ಟಬೇಕೆಂದರೆ, ಬಣ್ಣ ಬದಲಾಯಿಸಿ ಎಂದು ಅರ್ಜಿ ಕೊಡಬೇಕು. ಅರ್ಜಿ ಬಂದ ಮೇಲೆ ಊರಿಗೆಲ್ಲ ಡಂಗುರ. ತಕರಾರು ಇದ್ದವರು ಬರೆದು ಕೊಡಲು ಒಂದು ತಿಂಗಳು. ಆಮೇಲೆ ಓವರ್ಸೀರು ಸ್ಥಳ ತನಿಖೆ ಮಾಡಿ ವರದಿ ಬರೆಯಬೇಕು. ಕೊನೆಗೆ ಮೆಂಬರುಗಳು ಸಭೆ ಸೇರಿ ಕೈ ಎತ್ತಬೇಕು.

ಬೇರೆ ಯಾರೇ ಆಗಿದ್ದರೂ ಸ್ಥಳ ತನಿಖೆ ಅರ್ಧ ಗಂಟೆಯ ಕೆಲಸ. ತಿಮ್ಮಪ್ಪಯ್ಯನವರಿಗೆ ಒಂದಿಡೀ ದಿನದ್ದು. ಕಟ್ಟಬೇಕೆಂದಿರುವುದನ್ನು ಅದು ಎಷ್ಟಿದೆಯೋ ಅಷ್ಟೇ ಅಳತೆಗೆ ನೆಲದ ಮೇಲೆ ಸುಣ್ಣದಲ್ಲಿ ಬರೆಯುವುದು, ಬೆಳಿಗ್ಗೆಯಿಂದ ಸಂಜೆಯವರೆಗೆ ಅದು ಕಟ್ಟಿಯೇ ಆಗಿದೆ ಎಂದುಕೊಂಡು ಎಲ್ಲರೂ ನಡೆದುಕೊಳ್ಳುವುದು. ಹೀಗೆ ಮಾಡೆಂದು ಯಾವ ಕಾನೂನಿನಲ್ಲೂ ಇರಲಿಲ್ಲ, ಮಾಡಬೇಡವೆಂದೂ ಇರಲಿಲ್ಲ. ಯಾರಾದರೂ ನಕ್ಕರೆ ಅವರು ಹೇಳುತ್ತಿದ್ದುದು ಒಂದೇ ಮಾತು: ‘ಕಾಗದದ ಮೇಲೆ ಎಲ್ಲದೂ ಚಂದವೇ ಮಾರಾಯ. ಒಂದು ದಿನ ಅದ್ರ ಜೊತೆ ಬಾಳ್ವೆ ಮಾಡಿ ನೋಡ್ಬೇಕು.’

ಜವಳಿ ವ್ಯಾಪಾರಿ ಮಲ್ಲೇಶಪ್ಪನವರು ಸಂತೆ ಮಾಳದ ಪಕ್ಕದ ಹಸಿರು ಬಯಲಿನಲ್ಲಿ ಗೋದಾಮು ಕಟ್ಟುವೆನೆಂದು ಅರ್ಜಿ ಹಾಕಿದಾಗ ನಡೆದದ್ದನ್ನು ಊರು ಬಹಳ ಕಾಲ ಆಡಿಕೊಂಡಿತು. ಸಂತೆಯ ದಿನ ಈಸೂರು, ಬಳ್ಳಿಗಾವಿ ಕಡೆಯಿಂದ ಬಂದ ಗಾಡಿಗಳು ಕೊಳ್ಳು ಬಿಚ್ಚಿ ಎತ್ತು ಕಟ್ಟಿಕೊಳ್ಳುತ್ತಿದ್ದದ್ದು ಆ ಬಯಲಿನಲ್ಲೇ. ಒಬ್ಬರೂ ತಕರಾರು ಕೊಟ್ಟಿರಲಿಲ್ಲ. ಗಾಡಿಯವರು ಪುರಸಭೆಗೆ ಹೋಗಿ ಅರ್ಜಿ ಬರೆಯುವ ಜನವೇ? ತಿಮ್ಮಪ್ಪಯ್ಯನವರು ಸಂತೆಯ ದಿನವನ್ನೇ ಆರಿಸಿ, ಬೆಳಕು ಹರಿಯುವ ಹೊತ್ತಿಗೆ ಗೋದಾಮನ್ನು ಬರೆದು, ಅದರ ಗೋಡೆಯ ಮೇಲೆ ನಿಂತುಬಿಟ್ಟರು.

‘ಮುಂದೆ ಗೋಡೆ ಇದೆ, ಗಾಡಿ ತಿರುಗಿಸು.’

‘ಎಲ್ಲೈತ್ರೀ ಗೋಡಿ?’

‘ಮುಂದಿನ ವರ್ಷ ಬಾ, ಕಾಣ್ತದೆ. ಈಗ ತಿರುಗಿಸು.’

ಗಾಡಿಗಳು ತಿರುಗಿದವು. ತಿರುಗಿ ಹೋಗಲು ಇದ್ದ ದಾರಿ ಒಂದೇ, ಪೇಟೆಯ ಬೀದಿ. ಹತ್ತು ಗಂಟೆಯ ಹೊತ್ತಿಗೆ ಮಲ್ಲೇಶಪ್ಪನವರ ಅಂಗಡಿಯ ಕಂಬಗಳಿಗೆ ಎತ್ತು ಕಟ್ಟಿತ್ತು, ಕಟ್ಟೆಯ ಮೇಲೆ ಗಾಡಿಯವರು ಬುತ್ತಿ ಬಿಚ್ಚಿದ್ದರು. ಹನ್ನೊಂದಕ್ಕೆ ಈಸೂರಿನ ಎತ್ತೊಂದು ಅಂಗಡಿಯೊಳಕ್ಕೆ ಕುತ್ತಿಗೆ ಚಾಚಿ ಹೊಸ ಪಂಚೆಯೊಂದರ ಅಂಚು ತಿನ್ನತೊಡಗಿತು. ಹನ್ನೆರಡಕ್ಕೆ ಮಲ್ಲೇಶಪ್ಪನವರು ಬಯಲಿಗೆ ಓಡಿ ಬಂದು, ‘ಅರ್ಜಿ ವಾಪಸ್ಸು ತಗಂತೀನ್ರಿ, ಮೊದ್ಲು ಈ ಗೋಡಿ ಕೆಡವ್ರಿ’ ಎಂದರು. ತಿಮ್ಮಪ್ಪಯ್ಯನವರು ಬರೆಸಿ ಸಹಿ ಹಾಕಿಸಿಕೊಂಡು, ಕಾಲಿನಿಂದ ಸುಣ್ಣ ಒರೆಸಿ, ಕೆಡವಿದರು.

ಇನ್ನು ನನ್ನ ವಿಷಯ. ನಾನು ಓದಿದ್ದು ನಾಲ್ಕನೆಯ ಕ್ಲಾಸು, ಅದೂ ಪೂರ್ತಿ ಅಲ್ಲ. ಅಪ್ಪನ ಸೊಂಟ ಬಿದ್ದುಹೋದ ಮೇಲೆ ನಾನು ಪಾಟಿ ಇಟ್ಟು ಚೀಲ ಎತ್ತಿದೆ. ದಾವಣಗೆರೆಯ ಗಿರಣಿಯೊಂದರಲ್ಲಿ ಮೂಟೆ ಹೊತ್ತೆ, ಇಂಜಿನ್ ಒರೆಸಿದೆ, ಬಿಚ್ಚಿದೆ, ಜೋಡಿಸಿದೆ. ಯಾರೂ ಕಲಿಸಲಿಲ್ಲ, ಕಣ್ಣಿನಿಂದ ಕಲಿತೆ. ರಾಜ್ಯ ಒಂದಾದ ಮಾರನೆಯ ವರ್ಷ ಊರಿಗೆ ಮರಳಿದಾಗ ನನ್ನ ಹಿಂದೆ ಒಂದು ಗಾಡಿಯಲ್ಲಿ ಹಳೆಯ ಎಣ್ಣೆ ಇಂಜಿನ್ನೂ ಒಂದು ಜೊತೆ ಬೀಸುವ ಕಲ್ಲೂ ಬಂದವು. ಊರಿನಲ್ಲಿ ಆಗ ಇದ್ದದ್ದು ಒಂದೇ ಹಿಟ್ಟಿನ ಗಿರಣಿ, ಅದೂ ಪೇಟೆಯ ಆ ತುದಿಗೆ. ನಮ್ಮ ಕೇರಿಯ ಹೆಂಗಸರು ಇನ್ನೂ ಕೋಳಿ ಕೂಗುವ ಹೊತ್ತಿಗೆ ಎದ್ದು ಕೈಯಲ್ಲೇ ಜೋಳ ಬೀಸುತ್ತಿದ್ದರು. ನನ್ನ ಜಾಗ ಇದ್ದದ್ದು ಅದೇ ಕೇರಿಯಲ್ಲಿ. ನಕ್ಷೆಯಲ್ಲಿ ಅದರ ಬಣ್ಣ ಮಾತ್ರ ಹಳದಿ. ಬಣ್ಣ ಬದಲಾಗದಿದ್ದರೆ ನನ್ನ ಇಂಜಿನ್ನು ತಾಡಪಾಲಿನಡಿ ತುಕ್ಕು ಹಿಡಿಯಬೇಕು, ನಾನು ಮತ್ತೆ ದಾವಣಗೆರೆಗೆ ಹೋಗಿ ಇನ್ನೊಬ್ಬರ ಚೀಲ ಹೊರಬೇಕು.

ಅರ್ಜಿ ಕೊಟ್ಟೆ. ಡಂಗುರ ಹೊಡೆದಾಯಿತು. ಬಂದ ತಕರಾರು ಒಂದೇ ಒಂದು. ಪಕ್ಕದ ಮನೆಯ ಗುರುಸಿದ್ದಪ್ಪ ಮೇಷ್ಟ್ರದು. ನನಗೆ ನಾಲ್ಕನೆಯ ಕ್ಲಾಸಿನಲ್ಲಿ ಪಾಠ ಹೇಳಿದವರು ಅವರೇ. ಆಗ ಪಿಂಚಣಿಯ ಮೇಲಿದ್ದರು. ಓವರ್ಸೀರು ನನ್ನನ್ನು ಕರೆಸಿ ತಕರಾರು ಓದಿ ಹೇಳಿದರು. ‘ಸದರಿ ಇಂಜಿನ್ನಿನ ಕರ್ಕಶ ಧ್ವನಿಯು ನನ್ನ ಮಧ್ಯಾಹ್ನದ ವಿಶ್ರಾಂತಿಗೂ, ತನ್ಮೂಲಕ ನನ್ನ ಆಯುಷ್ಯಕ್ಕೂ ಭಂಗ ತರತಕ್ಕದ್ದಾಗಿದೆ. ಮೇಲಾಗಿ ಅರ್ಜಿದಾರನು ಭಾಗಾಕಾರ ಬಾರದೆ ಶಾಲೆಯನ್ನು ಬಿಟ್ಟವನಾಗಿರುತ್ತಾನೆ.’

ನನಗೆ ಮೈಯೆಲ್ಲ ಉರಿಯಿತು. ‘ಹಿಟ್ಟು ಬೀಸಾಕ ಭಾಗಾಕಾರ ಯಾಕ್ ಬೇಕ್ರಿ?’ ಎಂದೆ.

‘ಅದನ್ನ ನಾನು ವರದಿಯಲ್ಲಿ ತಗಳದಿಲ್ಲ,’ ಎಂದರು ಓವರ್ಸೀರು. ‘ನಿದ್ದೆಯ ವಿಷಯ ಮಾತ್ರ ತಗಳ್ತೇನೆ. ಅದನ್ನ ಪರೀಕ್ಷೆ ಮಾಡ್ಬೇಕು. ಇಂಜಿನ್ನು ಚಾಲು ಮಾಡು.’

‘ಅಪ್ಪಣೆ ಸಿಗೋ ತನಕ ಜಾಗದ ಮ್ಯಾಲೆ ಇಂಜಿನ್ ಕೂರಿಸಬಾರದು ಅಂತ ನೀವೇ ಬರ್ದು ಕೊಟ್ಟೀರಲ್ರಿ.’

ಅವರು ಸ್ವಲ್ಪ ಹೊತ್ತು ಮೀಸೆ ತಿಕ್ಕಿಕೊಂಡರು. ‘ಹಾಂಗಾದ್ರೆ ನೀನೇ ಇಂಜಿನ್ನಾಗು,’ ಎಂದರು.

ಗೇಲಿಯೆಂದುಕೊಂಡೆ. ಗೇಲಿಯಲ್ಲ. ಮಾರನೆಯ ಬೆಳಿಗ್ಗೆ ನನ್ನ ಜಾಗದಲ್ಲಿ ಸುಣ್ಣದ ಗಿರಣಿ ಎದ್ದಿತ್ತು: ಬಾಗಿಲು, ಎರಡು ಕಿಟಕಿ, ಕಲ್ಲಿನ ಕಟ್ಟೆ, ಇಂಜಿನ್ನಿನ ಗುಂಡಿ. ಆ ಗುಂಡಿಯ ಗೆರೆಯೊಳಗೆ ನನ್ನನ್ನು ಕುಕ್ಕುರುಗಾಲಲ್ಲಿ ಕೂರಿಸಿ, ಸೀಮೆಎಣ್ಣೆಯ ಖಾಲಿ ಡಬ್ಬವೊಂದನ್ನು ಮುಂದಿಟ್ಟು, ಕೈಗೆ ಒನಕೆಯ ತುಂಡು ಕೊಟ್ಟರು. ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ನಾನು ಇಂಜಿನ್ನು. ಕೇರಿಯ ಜನ ತಮ್ಮ ಕೆಲಸ ಬಿಟ್ಟು ಸುತ್ತ ನೆರೆದರು. ದಾವಣಗೆರೆಯಲ್ಲಿ ನನ್ನನ್ನು ಮೇಸ್ತ್ರಿ ಎಂದು ಕರೆಯುತ್ತಿದ್ದರು. ಇಲ್ಲಿ ಕೂತು ಡಬ್ಬ ಬಡಿಯಬೇಕು. ಎದ್ದು ಹೋಗಿಬಿಡೋಣ ಅನ್ನಿಸಿತು. ತಾಡಪಾಲಿನಡಿ ಇದ್ದ ಇಂಜಿನ್ನನ್ನು ನೆನೆದು ಕೂತೆ.

ಮೊದಮೊದಲು ನಾನೂ ಜಾಣತನ ಮಾಡಿದೆ. ಮೇಷ್ಟ್ರ ಕಿಟಕಿ ಹತ್ತೇ ಮಾರು ದೂರದಲ್ಲಿತ್ತು. ಮೆಲ್ಲಗೆ, ಮಗುವಿನ ಬೆನ್ನು ತಟ್ಟುವ ಹಾಗೆ, ಡಬ್ಬ ತಟ್ಟಿದೆ. ಓವರ್ಸೀರು ಬಾಗಿಲಿನಿಂದ ತಲೆ ಬಗ್ಗಿಸಿ ಒಳಗೆ ಬಂದರು.

‘ಈರಣ್ಣ, ನಿನ್ನ ಇಂಜಿನ್ನು ಇಷ್ಟು ಮೆತ್ತಗೆ ಹೊಡ್ಕಳ್ತದಾ? ಎಷ್ಟು ಕುದುರೆ ಶಕ್ತಿ ಅಂತ ಬರ್ದಿದ್ದಿ?’

‘ಎಂಟ್ರಿ.’

‘ಇದು ಕುದುರೆ ಅಲ್ಲ ಮಾರಾಯ, ಕೋಳಿ ಕಾಳು ಹೆಕ್ಕಿದ ಹಾಂಗಿದೆ.’

ಸುತ್ತ ನಿಂತವರು ನಕ್ಕರು. ನಾನೇ ಒರೆಸಿ, ನಾನೇ ಬಿಚ್ಚಿ ಜೋಡಿಸಿದ ಇಂಜಿನ್ನನ್ನು ಕೋಳಿ ಎನ್ನಿಸಿಕೊಂಡು ಸುಮ್ಮನಿರುವುದು ನನ್ನಿಂದಾಗಲಿಲ್ಲ. ಅರ್ಜಿ ಹೋದರೆ ಹೋಗಲಿ ಎಂದು ಒನಕೆ ಎತ್ತಿದೆ. ಎಂಟು ಕುದುರೆಯ ಇಂಜಿನ್ನು ಹೇಗೆ ಹೊಡೆದುಕೊಳ್ಳುತ್ತದೋ ಹಾಗೆಯೇ, ಒಂದು ಹೊಡೆತ ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ, ಟುಕ್ ಟುಕ್ ಟುಕ್ ಎಂದು ಬಡಿದೆ. ಕೇರಿಯ ನಾಯಿಗಳು ಜಾಗ ಖಾಲಿ ಮಾಡಿದವು. ಓವರ್ಸೀರು ಗಡಿಯಾರ ನೋಡಿ ಹೊಡೆತ ಎಣಿಸಿ, ‘ಈಗ ಸರಿ’ ಎಂದು ಬರೆದುಕೊಂಡರು.

ಹನ್ನೊಂದರ ಹೊತ್ತಿಗೆ ಯಾರೂ ಎಣಿಸದ ಒಂದು ಸಂಗತಿ ನಡೆಯಿತು. ಕೇರಿಯ ಆ ಕಡೆಯ ಹೆಂಗಸರಿಗೆ ಟುಕ್ ಟುಕ್ ಸದ್ದು ಕೇಳಿಸಿ, ಈರಣ್ಣನ ಗಿರಣಿ ಚಾಲು ಆಯಿತೆಂಬ ಸುದ್ದಿ ಹಬ್ಬಿ, ಒಬ್ಬೊಬ್ಬರಾಗಿ ಜೋಳದ ಬುಟ್ಟಿ ಹೊತ್ತು ಬಂದೇಬಿಟ್ಟರು. ಮುಂದಿದ್ದ ಅಜ್ಜಿ ಸುಣ್ಣದ ಬಾಗಿಲಿನ ಹೊರಗೆ ಬುಟ್ಟಿ ಇಳಿಸಿ, ‘ನಂದು ಮೊದ್ಲು ಹಾಕಪ್ಪಾ ತಮ್ಮಾ’ ಎಂದಳು.

‘ಗಿರಣಿ ಇನ್ನೂ ಆಗಿಲ್ಲಬೇ.’

‘ಬಾಗ್ಲು ಆಗೇತಲ್ಲ?’

‘ಕಲ್ಲು ಕೂರಿಸಿಲ್ಲ, ಇಂಜಿನ್ ಕೂರಿಸಿಲ್ಲ.’

‘ಮತ್ತ ಇಷ್ಟೊತ್ತಿಂದ ಅದೇನು ಬಡ್ಕೊಳಾಕ ಹತ್ತೀಯ?’

ಓವರ್ಸೀರು ಅವರನ್ನು ಕಳಿಸಲಿಲ್ಲ. ‘ಎಲ್ಲರೂ ಗೋಡೆಯ ಹೊರಗೆ ಸಾಲಾಗಿ ನಿಲ್ಲಿ. ಸಾಲು ಎಲ್ಲಿ ತನಕ ಹೋಗ್ತದೆ ನೋಡ್ಬೇಕು, ದಾರಿಗೆ ಅಡ್ಡ ಆಗ್ತದೋ ಎಂತದೋ’ ಎಂದು ಸರಪಳಿ ಹಿಡಿದು ಸಾಲನ್ನು ಅಳೆದರು. ಅಳೆಯುತ್ತ ಹೋದವರು ನಾಲ್ಕನೆಯ ಬುಟ್ಟಿಯ ಹತ್ತಿರ ನಿಂತರು. ಸೆರಗನ್ನು ಮುಖಕ್ಕೆ ಎಳೆದುಕೊಂಡಿದ್ದ ಆ ಹೆಂಗಸು ಮೇಷ್ಟ್ರ ಹೆಂಡತಿ ಶಾಂತಮ್ಮನವರು.

‘ಅಮ್ಮಾ, ನಿಮ್ಮ ಯಜಮಾನರದ್ದು ತಕರಾರು ಇದೆ,’ ಎಂದರು ಓವರ್ಸೀರು ಮೆಲ್ಲಗೆ.

‘ತಕರಾರು ಅವರದು, ರಟ್ಟೆ ನಂದು,’ ಎಂದರು ಶಾಂತಮ್ಮ. ‘ನೀವು ಅಳೀರಿ.’

ಇಷ್ಟರಲ್ಲಿ ಪುರಸಭೆಯ ಅಧ್ಯಕ್ಷರೂ ನೋಡಲು ಬಂದರು. ಮಾತಾಡುತ್ತ ಗೆರೆ ದಾಟಿ ಕಾಲಿಟ್ಟರು. ‘ಅಧ್ಯಕ್ಷರೇ, ಅದು ಗೋಡೆ,’ ಎಂದರು ತಿಮ್ಮಪ್ಪಯ್ಯನವರು. ಅಧ್ಯಕ್ಷರು ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಇಟ್ಟು ಹಾಗೇ ನಿಂತರು. ಇಡೀ ಕೇರಿ ಅವರನ್ನೇ ನೋಡುತ್ತಿತ್ತು. ಕೊನೆಗೆ ಆ ಕಾಲನ್ನು ಹಿಂದಕ್ಕೆ ತೆಗೆದುಕೊಂಡು, ಸುತ್ತು ಹಾಕಿ, ಬಾಗಿಲಿನಿಂದ ಬಂದರು. ಬರುವಾಗ ಅವರೂ ಸ್ವಲ್ಪ ತಲೆ ಬಗ್ಗಿಸಿದ್ದನ್ನು ನಾನು ಡಬ್ಬ ಬಡಿಯುತ್ತಲೇ ಕಂಡೆ.

ಒಂದು ಗಂಟೆಗೆ ಮೇಷ್ಟ್ರು ಊಟ ಮುಗಿಸಿ ಮಲಗಿದರು. ಅದೇ ಅಸಲು ಪರೀಕ್ಷೆ. ಓವರ್ಸೀರು ಅವರ ಒಪ್ಪಿಗೆ ಪಡೆದು, ಮಂಚದ ಪಕ್ಕ ಸ್ಟೂಲು ಹಾಕಿಕೊಂಡು, ಕೈಯಲ್ಲಿ ಗಡಿಯಾರ ಹಿಡಿದು ಕೂತರು. ‘ನಂಗೆ ನಿದ್ದಿ ಬರಂಗಿಲ್ಲ, ನೀವೇ ನೋಡ್ರಿ,’ ಎಂದರಂತೆ ಮೇಷ್ಟ್ರು, ಕಣ್ಣು ಮುಚ್ಚುವ ಮೊದಲು. ಹೊರಗೆ ನಾನು ಬಡಿಯುತ್ತಲೇ ಇದ್ದೆ. ಎಡಗೈ ಸೋತರೆ ಬಲಗೈ, ಬಲಗೈ ಸೋತರೆ ಎಡಗೈ. ಒಳಗಿನಿಂದ ಏನೂ ಸುಳಿವಿಲ್ಲ. ಮೇಷ್ಟ್ರು ಸಿಟ್ಟಿನಿಂದ ಹೊರಳಾಡುತ್ತಿದ್ದಾರೆ, ಓವರ್ಸೀರು ಅದನ್ನೆಲ್ಲ ಬರೆದುಕೊಳ್ಳುತ್ತಿದ್ದಾರೆ, ನನ್ನ ಕಥೆ ಮುಗಿಯಿತು ಎಂದುಕೊಂಡೆ. ಮೂರಕ್ಕೆ ಇನ್ನೂ ಕಾಲು ಗಂಟೆ ಇರುವಾಗ ನನ್ನ ಎರಡೂ ಕೈ ಮರಗಟ್ಟಿ, ಒನಕೆಯ ತುಂಡು ಜಾರಿ ಬಿತ್ತು. ಕೇರಿ ಒಮ್ಮೆಗೇ ನಿಶ್ಶಬ್ದವಾಯಿತು.

ಮೇಷ್ಟ್ರ ಮನೆಯೊಳಗಿನಿಂದ ಒಂದು ಕೂಗು ಕೇಳಿಸಿತು. ‘ಯಾವನೋ ಅವ್ನು ನಿಲ್ಲಿಸಿದ್ದು?’

ಪಂಚೆ ಸರಿಮಾಡಿಕೊಳ್ಳುತ್ತ ಬಾಗಿಲಿಗೆ ಬಂದರು. ಕೆನ್ನೆಯ ಮೇಲೆ ಚಾಪೆಯ ಗೀರು ಮೂಡಿತ್ತು. ‘ಲೇ ಈರ್ಯಾ, ಚಂದಾಗಿ ನಿದ್ದಿ ಹತ್ತಿತ್ತಲ್ಲೋ. ಯಾಕ್ ನಿಲ್ಲಿಸಿದಿ?’

ಹೇಳಿದ ಮೇಲೆ ಅವರಿಗೇ ಗೊತ್ತಾಯಿತು. ಹಿಂದಿನಿಂದ ಓವರ್ಸೀರು ಬಂದು, ಬರೆದುಕೊಂಡದ್ದನ್ನು ಓದಿದರು: ‘ಒಂದು ಗಂಟೆ ನಾಲ್ಕು ನಿಮಿಷಕ್ಕೆ ಗೊರಕೆ ಶುರು. ಎರಡು ನಲವತ್ತೈದಕ್ಕೆ ಇಂಜಿನ್ನು ನಿಂತಿತು. ಎರಡು ನಲವತ್ತೈದಕ್ಕೇ ತಕರಾರುದಾರರಿಗೆ ಎಚ್ಚರ.’ ಊಟ ಬಡಿಸಿ ಮತ್ತೆ ಸಾಲಿಗೆ ಬಂದಿದ್ದ ಶಾಂತಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡರು.

ಸಭೆಯಲ್ಲಿ ಮೇಷ್ಟ್ರು ಸುಲಭಕ್ಕೆ ಬಿಟ್ಟುಕೊಡಲಿಲ್ಲ. ಎದ್ದು ನಿಂತು, ‘ನಿದ್ರಾಭಂಗ ಆದದ್ದಂತೂ ದಿಟ. ಶಬ್ದದಿಂದ ಆಗದೇ ಇರಬಹುದು, ಶಬ್ದ ನಿಂತದ್ದರಿಂದ ಆಯಿತು. ಭಂಗ ಭಂಗವೇ’ ಎಂದು ವಾದ ಮಾಡಿದರು. ಮೆಂಬರುಗಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ತಿಮ್ಮಪ್ಪಯ್ಯನವರು ಮಾತ್ರ ನಗದೆ, ಎರಡು ದಿನ ಕೂತು ಬರೆದ ವರದಿಯ ಕೊನೆಯ ಸಾಲುಗಳನ್ನು ಓದಿದರು. ‘ತಕರಾರಿನಲ್ಲಿ ಹುರುಳಿದೆ. ಬಣ್ಣ ಬದಲಾಯಿಸಬಹುದು, ಆದರೆ ಒಂದು ಷರತ್ತಿನ ಮೇಲೆ. ಮಧ್ಯಾಹ್ನ ಒಂದರಿಂದ ಮೂರರವರೆಗೆ ಇಂಜಿನ್ನನ್ನು ಯಾವ ಕಾರಣಕ್ಕೂ ನಿಲ್ಲಿಸಕೂಡದು.’

ಎಲ್ಲ ಕೈಗಳೂ ಮೇಲೆದ್ದವು. ಮೇಷ್ಟ್ರೂ ಮರೆತು ಕೈ ಎತ್ತಿದರು, ಅವರು ಮೆಂಬರಲ್ಲ ಎಂದು ಗುಮಾಸ್ತ ಇಳಿಸಿದ. ಓವರ್ಸೀರು ಸ್ಟೂಲು ಹತ್ತಿ, ನಕ್ಷೆಯ ಮೇಲೆ ನನ್ನ ಹೆಬ್ಬೆರಳಿನ ಉಗುರಿನಷ್ಟು ಜಾಗಕ್ಕೆ ಕುಂಚದಿಂದ ಕೆಂಪು ಹಚ್ಚಿದರು. ಊರಷ್ಟು ದೊಡ್ಡ ನಕ್ಷೆಯಲ್ಲಿ ಅಷ್ಟು ನನ್ನದು. ಕೆಳಗೆ ಸಹಿ ಮಾಡು ಎಂದರು. ನಾಲ್ಕನೆಯ ಕ್ಲಾಸಿನ ಅಕ್ಷರದಲ್ಲೇ, ಅಪ್ಪನ ಹೆಸರೂ ಸೇರಿಸಿ, ಪೂರ್ತಿ ಬರೆದೆ. ಪಕ್ಕದಲ್ಲಿ ನಿಂತಿದ್ದ ಮೇಷ್ಟ್ರು ಬಗ್ಗಿ ನೋಡಿ, ‘ಅಕ್ಷರ ದುಂಡಗದಾವ’ ಎಂದರು. ನಾನು ಶಾಲೆಗೆ ಹೋದಷ್ಟು ದಿನವೂ ಅವರಿಂದ ಆ ಮಾತು ಕೇಳಿರಲಿಲ್ಲ.

ಷರತ್ತನ್ನು ನಾನು ಒಂದು ದಿನವೂ ಮುರಿಯಲಿಲ್ಲ. ಕಾಳು ಇಲ್ಲದ ದಿನ ಕಲ್ಲನ್ನು ಬಿಡಿಸಿಟ್ಟು ಬರೀ ಇಂಜಿನ್ನು ಓಡಿಸಿದೆ. ನೋಡಿದವರು ಹುಚ್ಚೆಂದರು. ತಿಮ್ಮಪ್ಪಯ್ಯನವರು ಮಾತ್ರ ವಾರಕ್ಕೊಮ್ಮೆ ಎರಡು ಗಂಟೆಯ ಹೊತ್ತಿಗೆ ಸೈಕಲ್ಲಿನಲ್ಲಿ ಬಂದು, ಮೇಷ್ಟ್ರ ಕಿಟಕಿಗೆ ಕಿವಿಯಿಟ್ಟು ಗೊರಕೆ ಕೇಳಿ, ‘ಷರತ್ತು ಪಾಲನೆ ಆಗ್ತಾ ಇದೆ’ ಎಂದು ಪುಸ್ತಕದಲ್ಲಿ ಬರೆದುಕೊಂಡು ಹೋಗುತ್ತಿದ್ದರು.

ಎರಡು ವರ್ಷದ ಮೇಲೆ ಅವರು ನಿವೃತ್ತರಾಗಿ ಸೊರಬಕ್ಕೆ ಹೋದರು. ಆ ವರ್ಷ ಬೇಸಿಗೆಯಲ್ಲಿ ನಾನು ಐದು ಸೇರು ಜೋಳದ ಹಿಟ್ಟು ಕಟ್ಟಿಕೊಂಡು ಅವರನ್ನು ನೋಡಲು ಹೋದೆ. ಮನೆ ಹುಡುಕುವುದು ಕಷ್ಟವಾಗಲಿಲ್ಲ. ಬಸ್ಸು ಇಳಿದ ಜಾಗದಿಂದಲೇ ಬಿಳಿಯ ಗೆರೆಯೊಂದು ಹೋಗಿತ್ತು.

ಮನೆಯ ಮುಂದಿನ ಖಾಲಿ ಜಾಗದಲ್ಲಿ, ಸುಣ್ಣದ ಗೆರೆಗಳ ನಡುವೆ, ಕುರ್ಚಿ ಹಾಕಿಕೊಂಡು ಅವರು ಒಬ್ಬರೇ ಕೂತಿದ್ದರು. ನಾನು ನೇರ ನಡೆದು ಹೋದೆ.

‘ಎಂತ ಈರಣ್ಣ, ಬಾಗಿಲು ಕಾಣದಿಲ್ವಾ?’

ಸುತ್ತು ಹಾಕಿ, ತಲೆ ಬಗ್ಗಿಸಿ, ಒಳಗೆ ಹೋದೆ. ಮುಂದುಗಡೆ ಒಂದು ಕೋಣೆ ಕಟ್ಟಿಸಬೇಕೆಂದು ಅರ್ಜಿ ಹಾಕಿದ್ದರಂತೆ. ಡಂಗುರ ಹೊಡೆದಾಗಿತ್ತು, ತಿಂಗಳೂ ಕಳೆದಿತ್ತು, ತಕರಾರು ಬಾರದ್ದರಿಂದ ಅಪ್ಪಣೆಯೂ ಬಂದಿತ್ತು. ಕಾಗದ ತೋರಿಸಿದರು. ಮುಖದಲ್ಲಿ ಗೆಲುವಿರಲಿಲ್ಲ.

‘ಖುಷಿ ಪಡ್ಬೇಕಲ್ರೀ ಸಾಹೇಬ್ರೇ,’ ಎಂದೆ.

‘ಒಬ್ಬನೂ ತಕರಾರು ಕೊಡ್ಲಿಲ್ಲ ಮಾರಾಯ. ಜನ್ಮವಿಡೀ ಊರವರ ತಕರಾರು ಕೇಳಿದೆ. ನನ್ನದಕ್ಕೆ ಒಂದು ತಕರಾರಿಲ್ಲ ಅಂದ್ರೆ, ನಾನು ಕಟ್ಟಿದ್ರೂ ಒಂದೇ ಬಿಟ್ರೂ ಒಂದೇ ಅಂತ ಅರ್ಥ ಅಲ್ವಾ?’

ಅವರು ತಮಾಷೆ ಮಾಡುತ್ತಿರಲಿಲ್ಲ. ಎದ್ದು ನಿಂತೆ. ‘ನಂದೊಂದು ತಕರಾರು ಐತ್ರಿ,’ ಎಂದೆ.

ಅವರ ಕೈ ತಾನಾಗಿ ಕೋಟಿನ ಜೇಬಿಗೆ ಹೋಗಿ ಪುಸ್ತಕ ತೆಗೆಯಿತು. ‘ಹೇಳು. ನಿಧಾನಕ್ಕೆ ಹೇಳು.’

‘ಕಿಟಕಿ ಪಕ್ಕದ ಮನಿ ಕಡಿಗೆ ಇಟ್ಟೀರಿ. ಶಿಕಾರಿಪುರದ ಬಸ್ಸು ಹೋಗೋದು ಈ ಕಡಿಗೆ. ಬಸ್ಸಿನಾಗ ನಾನು ಹೋಗೋವಾಗ ನೀವು ನನಗ ಕಾಣಂಗಿಲ್ಲ. ಇದು ನನಗ ತೊಂದರಿ.’

ಒಂದಕ್ಷರ ಬಿಡದೆ ಬರೆದುಕೊಂಡರು. ಆಮೇಲೆ ಪೂರ್ತಿ ಮಧ್ಯಾಹ್ನ ನಮಗೆ ಅದೇ ಕೆಲಸ. ನನ್ನನ್ನು ರಸ್ತೆಯಲ್ಲಿ ಬಸ್ಸಿನ ಜಾಗದಲ್ಲಿ ನಿಲ್ಲಿಸಿದರು, ತಾವು ಕೋಣೆಯೊಳಗೆ ಕೂತರು, ಕಾಣುತ್ತದೆಯೋ ಇಲ್ಲವೋ ಕೂಗಿ ಕೂಗಿ ಕೇಳಿದರು. ಸಂಜೆಗೆ ‘ತಕರಾರಿನಲ್ಲಿ ಹುರುಳಿದೆ’ ಎಂದು ತೀರ್ಪು ಕೊಟ್ಟು, ಕಾಲಿನಿಂದ ಹಳೆಯ ಕಿಟಕಿ ಒರೆಸಿ, ರಸ್ತೆಯ ಕಡೆ ಹೊಸ ಕಿಟಕಿ ಬರೆದರು. ಬರೆದು ಮುಗಿಸಿ ನಕ್ಕರು. ಅವರು ಹಾಗೆ ನಕ್ಕದ್ದನ್ನು ನಾನು ಶಿಕಾರಿಪುರದಲ್ಲಿ ಯಾವತ್ತೂ ನೋಡಿರಲಿಲ್ಲ.

ಕೋಣೆ ಏಳಲಿಲ್ಲ. ಮಳೆಗಾಲ ಮುಗಿಯುವ ಮೊದಲೇ ಅವರು ತೀರಿಹೋದರೆಂದು ಕಾಗದ ಬಂತು. ಒಂದು ಗಂಟೆಗೆ ಬಂತು, ಇಂಜಿನ್ನು ನಿಲ್ಲಿಸುವ ಹಾಗಿರಲಿಲ್ಲ, ಮೂರರವರೆಗೆ ಅದರ ಪಕ್ಕದಲ್ಲೇ ಕೂತಿದ್ದೆ.

ಆ ಸಂಜೆ ಸೊರಬಕ್ಕೆ ಹೊರಟ ಬಸ್ಸು ಅವರ ಮನೆಯ ಮುಂದೆ ಹಾದಾಗ ನಾನು ಆ ಕಡೆಯ ಸೀಟನ್ನೇ ಹಿಡಿದು ಕೂತಿದ್ದೆ. ತಕರಾರುದಾರ ನಾನು, ನೋಡದಿದ್ದರೆ ಹೇಗೆ? ಬಟ್ಟಬಯಲಿನಲ್ಲಿ, ಮಳೆಗೆ ತೊಳೆದುಹೋಗಿದ್ದ ಹೊಸ ಕಿಟಕಿಯ ಗೆರೆಯ ಹಿಂದೆ, ತಿಮ್ಮಪ್ಪಯ್ಯನವರು ಎದ್ದು ನಿಂತು ಕೈ ಬೀಸುತ್ತಿದ್ದರು. ಕತ್ತನ್ನು ಸ್ವಲ್ಪ ಬಗ್ಗಿಸಿಕೊಂಡಿದ್ದರು, ಚೌಕಟ್ಟು ತಲೆಗೆ ತಾಗಬಾರದಲ್ಲ.